ನೆಲಮಾಳಿಗೆಯ ಒಡೆದ ಫರ್ಶಿ

ಹೊಟೇಲಿನ ಮುಂಭಾಗಕ್ಕೆ ಆಗಾಗ ಬಣ್ಣ ಬೀಳುತ್ತದೆ. ಗಲ್ಲೆಯ ಮೇಲಿನ ದೇವರ ಪಟಕ್ಕೆ ದಿನವೂ ಹೊಸ ಹೂವು ಬರುತ್ತದೆ. ಆದರೆ ಮೆಟ್ಟಿಲಿಳಿದು ನೆಲಮಾಳಿಗೆಯನ್ನು ನೋಡಿದವರೆಷ್ಟು ಮಂದಿ? ಅಕ್ಕಿಮೂಟೆ, ಎಣ್ಣೆ ಡಬ್ಬಿ, ರುಬ್ಬುವ ಯಂತ್ರ, ಪಾತ್ರೆ ತೊಳೆಯುವ ಮೋರಿ ಅಲ್ಲಿರುತ್ತವೆ. ಅಲ್ಲಿಯ ಫರ್ಶಿ ಒಡೆದು ವರ್ಷಗಳಾದರೂ ಗಿರಾಕಿಯ ಕಣ್ಣಿಗೆ ಬೀಳದುದರಿಂದ ಅದು ಯಾರ ಲೆಕ್ಕಕ್ಕೂ ಬರುವುದಿಲ್ಲ. ಥಾಣೆ, ಡೊಂಬಿವಲಿ, ಕಲ್ಯಾಣಗಳ ಹಳೆಯ ಕಟ್ಟಡಗಳಲ್ಲಿ ದುಡಿದ ನಮ್ಮ ಬಂಧುಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಲ್ಲಿ ಎಡವುವವನು ಬಿಸಿ ಸಾಂಬಾರಿನ ಪಾತ್ರೆ ಹೊತ್ತ ಹುಡುಗ. ಬಿದ್ದರೆ ಅವನಿಗೆ ಸಿಗುವುದು, "ನೋಡಿಕೊಂಡು ನಡೆಯಬಾರದೇನೋ?" ಎಂಬ ಗದರಿಕೆ. ಎರಡು ಕೈಯಲ್ಲೂ ಪಾತ್ರೆ ಹಿಡಿದವನು ಕಾಲಡಿಯನ್ನು ನೋಡುವುದು ಹೇಗೆ ಸ್ವಾಮಿ? ಯಂತ್ರದ ಎಣ್ಣೆ ಬಿದ್ದ ಒಡಕು ನೆಲದಲ್ಲಿ ಜಾರಿದ ಗಿರಣಿ ಬಂಧುಗಳೂ ಈ ಪ್ರಶ್ನೆಯನ್ನೇ ಕೇಳುತ್ತಾರೆ. ಕೆಲಸದಲ್ಲಾದ ಗಾಯಕ್ಕೆ ಮಾಲೀಕರು ಪರಿಹಾರ ಕೊಡಬೇಕೆಂಬ ತತ್ವ ನಮ್ಮ ದೇಶದ ಕಾನೂನಿಗೆ 1923ರಲ್ಲಿಯೇ ಬಂದಿತು. ಸುಟ್ಟ ಕಾಲಿಗೆ ಪರಿಹಾರ ಕೊಡುವುದಕ್ಕಿಂತ ಒಡೆದ ಕಲ್ಲನ್ನು ಸರಿಪಡಿಸುವುದು ಅಗ್ಗವೆಂಬುದನ್ನು ಮಾಲೀಕರು ತಿಳಿಯಬೇಕು.

ಈ ಕಡೆಯ ಹಳೆಯ ನೆಲಗಳಲ್ಲಿ ಹೆಚ್ಚಾಗಿ ಕಾಣುವ ಶಹಾಬಾದಿ ಫರ್ಶಿ ನಮ್ಮ ನಾಡಿನದೇ ಕಲ್ಲು. ಕಲಬುರಗಿ ಜಿಲ್ಲೆಯ ಶಹಾಬಾದಿನ ಸುಣ್ಣಕಲ್ಲು ಅದು. 1871ರಲ್ಲಿ ಮುಂಬಯಿ-ಮದ್ರಾಸು ರೈಲುಮಾರ್ಗ ಕೂಡಿಕೊಂಡಿತು. ಶಹಾಬಾದು ಇರುವುದು ಆ ದಾರಿಯಲ್ಲಿಯೇ. ಕಲ್ಲು ಗಟ್ಟಿ, ಆದರೆ ಆ್ಯಸಿಡ್ಡಿಗೆ ಕರಗುತ್ತದೆ. ಕಲೆ ಹೋಗಲೆಂದು ಆ್ಯಸಿಡ್ ಸುರಿದು ತಿಕ್ಕಿಸುವವರು ಕಲ್ಲನ್ನೂ ಸಂದಿನ ಸಿಮೆಂಟನ್ನೂ ತಾವೇ ತಿನ್ನಿಸುತ್ತಿದ್ದಾರೆ. ಹುಡುಗರ ಕೈಯೂ ಸುಡುತ್ತದೆ. ಸೋಪಿನ ನೀರು, ಗಟ್ಟಿ ಬ್ರಷ್ಷು ಸಾಕು.

ಫರ್ಶಿ ಸಡಿಲವಾಗಲು ಇನ್ನೊಂದು ಕಾರಣ ಕೆಳಗಿನ ತೇವ. ಥಾಣೆ, ನವಿ ಮುಂಬಯಿಗಳ ಬದಿಯಲ್ಲಿ ಖಾಡಿಯಿದೆ, ಕಲ್ಯಾಣದ ಬದಿಯಲ್ಲಿ ಉಲ್ಹಾಸ ನದಿಯಿದೆ. 2005ರ ಜುಲೈ 26ರ ಮಳೆಯನ್ನು ಕಂಡವರಿಗೆ ಇಲ್ಲಿಯ ನೀರಿನ ಬಲ ಗೊತ್ತು. ಸೋರುವ ಕೊಳವೆಯನ್ನೂ ಕಟ್ಟಿದ ಮೋರಿಯನ್ನೂ ಮೊದಲು ಸರಿಪಡಿಸದೆ ಕಲ್ಲು ಕೂರಿಸಿದರೆ ಅದು ಮತ್ತೆ ಏಳುವುದು.

ನೆಲವನ್ನೆಲ್ಲ ಅಗೆಸಿ ನುಣುಪಾದ ಹೊಸ ಟೈಲ್ಸು ಹಾಕಿಸಲು ಕೆಲವರಿಗೆ ಆತುರ. ಎಣ್ಣೆ, ನೀರು ಬೀಳುವ ಜಾಗದಲ್ಲಿ ಆ ನುಣುಪೇ ಶತ್ರು. ನಾಣ್ಯದಿಂದ ತಟ್ಟಿ ನೋಡಿರಿ. ಟೊಳ್ಳು ಸದ್ದು ಬಂದ ಕಲ್ಲುಗಳನ್ನಷ್ಟೇ ಎಬ್ಬಿಸಿದರೆ ಸಾಕು. ಕೆಳಗಿನ ಹಳೆಯ ಗಾರೆಯನ್ನು ಕೆರೆದು, ನೆಲವನ್ನೂ ಕಲ್ಲನ್ನೂ ನೆನೆಸಿ, ಹೊಸ ಗಾರೆಯ ಮೇಲೆ ಮಟ್ಟಸವಾಗಿ ಕೂರಿಸಿ ಸಂದು ತುಂಬಬೇಕು. ಕಲ್ಲು ಕತ್ತರಿಸುವುದಿದ್ದರೆ ಮೇಲೆ ಬಯಲಿನಲ್ಲಿ, ನೀರು ಹಾಕಿ ಕತ್ತರಿಸಲಿ. ಕಿಟಕಿಯಿಲ್ಲದ ನೆಲಮಾಳಿಗೆಯ ದೂಳು ಶ್ವಾಸಕೋಶಕ್ಕೆ ಕೇಡು.

ಇಷ್ಟನ್ನು ಮೇಸ್ತ್ರಿ ಬಲ್ಲ. ಕೆಲಸ ಕೆಡುವುದು ಅದರ ಮರುದಿನ. ರಾತ್ರಿ ಹೊಟೇಲು ಮುಚ್ಚಿದ ಮೇಲೆ ಕಲ್ಲು ಕೂರಿಸುತ್ತಾರೆ. ನಸುಕಿಗೆ ಅದರ ಮೇಲೆಯೇ ಮೂಟೆ ಎಳೆಯುತ್ತಾರೆ. ಒಂದು ದಿನವಾದರೂ ಅದರ ಮೇಲೆ ಕಾಲಿಡಬಾರದು; ಒಂದು ವಾರ ತೇವವಿಟ್ಟು, ಭಾರ ಹಾಕದೆ ಕಾಯಬೇಕು. ಒಂದು ದಿನದ ವ್ಯಾಪಾರ ಉಳಿಸಲು ಹೋಗಿ ಮೂರು ಸಲ ಮೇಸ್ತ್ರಿಗೆ ಕೂಲಿ ಕೊಡುವುದು ಯಾವ ಜಾಣತನ?

ನಮ್ಮ ಬೇಡಿಕೆ ದೊಡ್ಡದೇನಲ್ಲ. ಮಳೆಗಾಲಕ್ಕೆ ಮುಂಚೆ ವರ್ಷಕ್ಕೊಮ್ಮೆ ನೆಲಮಾಳಿಗೆಯ ನೆಲವನ್ನು ಪರೀಕ್ಷಿಸಬೇಕು. ರಿಪೇರಿಯನ್ನು ಕಸಗುಡಿಸುವ ಹುಡುಗನ ತಲೆಗೆ ಕಟ್ಟದೆ ಬಲ್ಲವನಿಂದ ಮಾಡಿಸಬೇಕು. ಕಲ್ಲು ಕೂರುವ ದಿನ ಕೆಲಸ ನಿಂತರೆ ಸಂಬಳ ಕಡಿಯಬಾರದು. ಬಂಧುಗಳೇ, ಅಲುಗಾಡುವ ಕಲ್ಲಿನ ಮೇಲೆ ಗೋಣಿಚೀಲ ಹಾಸಿ ಸುಮ್ಮನಾಗಬೇಡಿರಿ. ಅದು ಅಪಾಯವನ್ನು ಮುಚ್ಚುತ್ತದೆ, ತೆಗೆಯುವುದಿಲ್ಲ. ಅದರ ಮೇಲೆ ಸೀಮೆಸುಣ್ಣದಿಂದ ಗುರುತು ಹಾಕಿರಿ, ನಾಲ್ಕು ಜನ ಕೂಡಿ ಮಾಲೀಕರಿಗೆ ತೋರಿಸಿರಿ. ಒಬ್ಬನ ಮಾತನ್ನು ಗದರಿಸಬಹುದು. ನಾಲ್ವರ ಮಾತಿಗೆ ಮಾಲೀಕರು ಮೆಟ್ಟಿಲಿಳಿದು ಬಂದೇ ಬರುವರು.