ದೂರದ ಸೇವೆಗೆ ದಿಗ್ವ್ರತದ ಅಳತೆ

ಶ್ರಾವಕನಿಗೆ ಹೇಳಿದ ಹನ್ನೆರಡು ವ್ರತಗಳಲ್ಲಿ ಇಂದಿನವರು ಬಹುಮಟ್ಟಿಗೆ ಮರೆತಿರುವುದು ದಿಗ್ವ್ರತವನ್ನು. ಹತ್ತು ದಿಕ್ಕುಗಳಲ್ಲಿ ತನ್ನ ಸಂಚಾರ ಮತ್ತು ವ್ಯವಹಾರ ಇಷ್ಟು ದೂರದವರೆಗೆ ಮಾತ್ರ ಎಂದು ನದಿ, ಬೆಟ್ಟ, ಊರುಗಳನ್ನೇ ಗಡಿಯಾಗಿ ಗುರುತಿಸಿಕೊಂಡು, ಬಾಳಿನುದ್ದಕ್ಕೂ ಅದನ್ನು ಮೀರದಿರುವುದೇ ಈ ವ್ರತ. ಗಡಿಯ ಆಚೆಗೆ ಗೃಹಸ್ಥನಿಂದ ಸೂಕ್ಷ್ಮ ಪಾಪವೂ ನಡೆಯುವುದಿಲ್ಲ; ಆದ್ದರಿಂದ ಆ ಭಾಗದ ಮಟ್ಟಿಗೆ ಅವನ ಅಣುವ್ರತಗಳು ಮಹಾವ್ರತಗಳ ಎತ್ತರಕ್ಕೇರುತ್ತವೆ ಎಂಬುದು ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದ ಆಶಯ. ಮನುಷ್ಯ ಹೋದಲ್ಲೆಲ್ಲ ಅವನೊಂದಿಗೆ ಒಂದಿಷ್ಟು ಹಿಂಸೆಯೂ ಹೋಗುತ್ತದೆಂಬ ಎಚ್ಚರ ಈ ವ್ರತದ ತಳಹದಿ.

ಇಂದಿನ ತರುಣರು ಈ ಎಚ್ಚರಕ್ಕೆ ಹೊಸದೊಂದು ಪ್ರಶ್ನೆಯನ್ನು ಒಡ್ಡಿದ್ದಾರೆ. ಓದು ಮುಗಿಸಿದ ಮೇಲೆ ಕೆಲವು ವಾರ ಅಥವಾ ತಿಂಗಳು ಪರದೇಶಕ್ಕೆ ಹೋಗಿ ವನ್ಯಜೀವಿಗಳ ರಕ್ಷಣೆಯಲ್ಲಿಯೋ ಬಡವರ ಏಳಿಗೆಯ ಕಾರ್ಯದಲ್ಲಿಯೋ ಸ್ವಯಂಸೇವಕರಾಗಿ ದುಡಿಯುವ ಪದ್ಧತಿ ಜಗತ್ತಿನೆಲ್ಲೆಡೆ ಬೆಳೆದಿದೆ. ಅನೇಕರು ಅದಕ್ಕಾಗಿ ತಾವೇ ಹಣ ತೆರುತ್ತಾರೆ. ಭೋಗಕ್ಕಾಗಿ ದೇಶ ಸುತ್ತುವುದಕ್ಕಿಂತ ಇದು ಮೇಲೆಂಬುದರಲ್ಲಿ ಸಂಶಯವಿಲ್ಲ. ಜೀವಿಗಳು ಒಂದಕ್ಕೊಂದು ಉಪಕಾರಿಗಳಾಗಿ ಬಾಳುವುದೇ ಅವುಗಳ ಸ್ವಭಾವವೆಂದು ಉಮಾಸ್ವಾತಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ಸಾರಿದ್ದಾರೆ. ಆ ಉಪಕಾರಕ್ಕೆ ಸಮುದ್ರವೇಕೆ ಅಡ್ಡಿಯಾಗಬೇಕು?

ಅಡ್ಡಿ ಸಮುದ್ರದಿಂದ ಬರುವುದಿಲ್ಲ, ಪ್ರಮಾದದಿಂದ ಬರುತ್ತದೆ. ಪ್ರಮಾದವೆಂದರೆ ಎಚ್ಚರಗೇಡಿತನ, ಅದರಿಂದ ಪ್ರಾಣಕ್ಕೆ ಒದಗುವ ಹಾನಿಯೇ ಹಿಂಸೆಯೆಂದು ತತ್ತ್ವಾರ್ಥಸೂತ್ರ ಲಕ್ಷಣ ಹೇಳುತ್ತದೆ. ಸದುದ್ದೇಶವೊಂದೇ ಮನುಷ್ಯನನ್ನು ಪ್ರಮಾದದಿಂದ ಕಾಯಲಾರದು. ದಕ್ಷಿಣ ಆಫ್ರಿಕಾದ ಸಿಂಹಗಳ ಕಥೆ ಇದಕ್ಕೆ ಸಾಕ್ಷಿ. ತಾಯಿಯಿಲ್ಲದ ಸಿಂಹದ ಮರಿಗಳಿಗೆ ಬಾಟಲಿಯಲ್ಲಿ ಹಾಲುಣಿಸುವ ಸೇವೆಯೆಂದು ನಂಬಿ ಪರದೇಶದ ಯುವಕ ಯುವತಿಯರು ಅಲ್ಲಿನ ಸಾಕಣೆ ಕೇಂದ್ರಗಳಿಗೆ ಹೋದರು. ಅನೇಕ ಕೇಂದ್ರಗಳಲ್ಲಿ ಆ ಮರಿಗಳು ಅನಾಥವಾಗಿರಲಿಲ್ಲ. ಹುಟ್ಟಿದ ಕೆಲವೇ ದಿನಗಳಲ್ಲಿ ಅವುಗಳನ್ನು ತಾಯಿಯಿಂದ ಅಗಲಿಸಲಾಗಿತ್ತು. ಮುದ್ದಿಸುವ ವಯಸ್ಸು ಮೀರಿದ ಮೇಲೆ ಅಂಥ ಎಷ್ಟೋ ಸಿಂಹಗಳು ಬೇಲಿಯೊಳಗಿನ ಬೇಟೆಗೆ ಬಲಿಯಾದವು. 2015ರಲ್ಲಿ ‘ಬ್ಲಡ್ ಲಯನ್ಸ್’ ಎಂಬ ಸಾಕ್ಷ್ಯಚಿತ್ರ ಈ ವ್ಯಾಪಾರವನ್ನು ಜಗತ್ತಿಗೆ ತೋರಿಸಿತು. ಸಿಂಹಗಳನ್ನು ಬಂಧನದಲ್ಲಿಟ್ಟು ವಂಶಾಭಿವೃದ್ಧಿ ಮಾಡಿಸುವುದನ್ನು ಕೊನೆಗಾಣಿಸುವುದಾಗಿ ಅಲ್ಲಿನ ಸರ್ಕಾರ 2021ರಲ್ಲಿ ಪ್ರಕಟಿಸಿತು.

ಮಕ್ಕಳ ವಿಷಯದಲ್ಲಿಯೂ ಇಂಥದೇ ನಡೆಯಿತು. ಕಾಂಬೋಡಿಯಾ, ನೇಪಾಳಗಳ ಅನಾಥಾಲಯಗಳಲ್ಲಿದ್ದ ಬಹಳಷ್ಟು ಮಕ್ಕಳಿಗೆ ತಂದೆಯೋ ತಾಯಿಯೋ ಬದುಕಿದ್ದುದು ಬೆಳಕಿಗೆ ಬಂತು. ದೂರದಿಂದ ಬರುವವರ ಕರುಣೆ ಮತ್ತು ಹಣಕ್ಕಾಗಿಯೇ ಕೆಲವೆಡೆ ಮಕ್ಕಳನ್ನು ಮನೆಯಿಂದ ತಂದು ಕೂಡಿಹಾಕಲಾಗಿತ್ತು. ಆಸ್ಟ್ರೇಲಿಯಾ 2018ರಲ್ಲಿ ಆಧುನಿಕ ಗುಲಾಮಗಿರಿಯ ವಿರುದ್ಧ ಕಾನೂನು ಮಾಡಿದಾಗ ಈ ಪಿಡುಗೂ ಅಲ್ಲಿ ಚರ್ಚೆಗೆ ಬಂದಿತ್ತು.

ಹಾಲುಣಿಸಿದ ತರುಣಿ ಗುಂಡು ಹಾರಿಸಲಿಲ್ಲ, ಹಾರಿಸಲು ಹೇಳಲೂ ಇಲ್ಲ. ಆದರೆ ಜೈನ ದರ್ಶನ ಹಿಂಸೆಯನ್ನು ಕೃತ, ಕಾರಿತ, ಅನುಮೋದಿತ ಎಂದು ಮೂರು ಬಗೆಯಾಗಿ ಅಳೆಯುತ್ತದೆ. ತಾನು ಮಾಡಿದ್ದು, ಮಾಡಿಸಿದ್ದು, ಒಪ್ಪಿಗೆಯಿತ್ತದ್ದು. ತಿಳಿಯದೆ ನಂಬಿದವಳ ಭಾವದೋಷ ಚಿಕ್ಕದಿರಬಹುದು. ವಿಚಾರಿಸಿ ತಿಳಿಯಬಹುದಾಗಿದ್ದುದನ್ನು ವಿಚಾರಿಸದೆ ಬಿಟ್ಟದ್ದು ಮಾತ್ರ ಪ್ರಮಾದವೇ. ಅವಳು ತೆತ್ತ ಹಣವೇ ಬಂದೂಕಿನವರೆಗಿನ ದಾರಿಯನ್ನು ಸವೆಸಿತು. ಸೇವೆಗೆ ಹೊರಡುವವರು ಪ್ರಯಾಣದ ಚೀಟಿಗಿಂತ ಮೊದಲು ವಿವೇಕವನ್ನು ಸಂಪಾದಿಸಿಕೊಳ್ಳಬೇಕೆನ್ನುವುದು ಇದಕ್ಕಾಗಿ.

ದೂರದಿಂದ ಬಂದವರೆಲ್ಲ ಹೀಗೆ ಎಡವಿದರೆಂದಲ್ಲ. ಕೊಡಗಿನ ದಕ್ಷಿಣದಲ್ಲಿ, ಬ್ರಹ್ಮಗಿರಿಯ ತಪ್ಪಲಿನ ತೆರಾಲು ಗ್ರಾಮದ ಬಳಿ, ಅಮೆರಿಕದಲ್ಲಿ ನೆಲೆಸಿದ್ದ ಅನಿಲ್ ಮಲ್ಹೋತ್ರಾ ಮತ್ತು ಅಮೆರಿಕದವರೇ ಆದ ಅವರ ಪತ್ನಿ ಪಮೇಲಾ 1991ರಲ್ಲಿ 55 ಎಕರೆ ಜಮೀನು ಕೊಂಡರು. ಬೆಳೆಗಾರರು ಕೈಬಿಟ್ಟಿದ್ದ ಅಕ್ಕಪಕ್ಕದ ತೋಟಗಳನ್ನೂ ಕ್ರಮೇಣ ಸೇರಿಸಿಕೊಂಡಾಗ ಅದು ಸುಮಾರು 300 ಎಕರೆಯಾಯಿತು. ಹಾಗೆ ಪಡೆದ ನೆಲದಲ್ಲಿ ಅವರು ಬೆಳೆ ತೆಗೆಯಲಿಲ್ಲ. ನೆಲವನ್ನು ಕಾಡಿಗೇ ಬಿಟ್ಟುಕೊಟ್ಟರು. ಮರ ಕಡಿಯುವವರಿಂದ ಮತ್ತು ಬೇಟೆಗಾರರಿಂದ ಕಾಯ್ದರು. ಆನೆ, ಹುಲಿ, ಚಿರತೆ, ಕಡವೆ ಮತ್ತೆ ಅಲ್ಲಿ ನಡೆದಾಡತೊಡಗಿದವು. ‘ಸಾಯಿ’ ಅಭಯಾರಣ್ಯವೆಂದು ಹೆಸರಾದ ಆ ಕಾಡಿನ ಪಾಲನೆಗಾಗಿ ಪಮೇಲಾ ಅವರಿಗೆ 2017ರಲ್ಲಿ ಕೇಂದ್ರ ಸರ್ಕಾರದ ನಾರೀಶಕ್ತಿ ಪುರಸ್ಕಾರ ಸಂದಿತು. ಅನಿಲ್ 2021ರಲ್ಲಿ ತೀರಿಕೊಂಡರು.

ಈ ದಂಪತಿ ಜೈನ ವ್ರತ ತೊಟ್ಟವರಲ್ಲ. ಆದರೂ ಅವರ ಬದುಕು ದಿಗ್ವ್ರತದ ಒಳಗುಟ್ಟನ್ನು ತೆರೆದಿಡುತ್ತದೆ. ಸಾಗರ ದಾಟಿ ಬಂದವರು ಕೊನೆಗೆ ಒಂದು ಕಾಡಿನ ಎಲ್ಲೆಯೊಳಗೆ ನಿಂತರು. ಹೊಸ ಹೊಸ ದೇಶಗಳಿಗೆ ಸೇವೆಯನ್ನು ಹಬ್ಬಿಸುವ ಹಂಬಲ ಬಿಟ್ಟು ಮೂರು ದಶಕ ಒಂದೇ ನೆಲಕ್ಕೆ ಬದ್ಧರಾದರು. ದಿಗ್ವ್ರತದ ಅತಿಚಾರಗಳಲ್ಲಿ ಕ್ಷೇತ್ರವೃದ್ಧಿಯೂ ಒಂದು. ಲೋಭದಿಂದ ತನ್ನ ಕ್ಷೇತ್ರವನ್ನು ಹಿಗ್ಗಿಸುವುದು ಎಂದು ಅದರ ಅರ್ಥ. ಹಣದ ಲೋಭಕ್ಕೆ ಇದ್ದಂತೆ ಪುಣ್ಯದ ಲೋಭಕ್ಕೂ ಕ್ಷೇತ್ರವೃದ್ಧಿ ಇದೆ. ಈ ವರ್ಷ ಆನೆ, ಮುಂದಿನ ವರ್ಷ ಕಡಲಾಮೆ, ಆಮೇಲೆ ಮತ್ತೊಂದು ದೇಶದ ಮಕ್ಕಳು ಎಂದು ಅಲೆಯುವ ಮನಸ್ಸು ಸೇವೆಯನ್ನೂ ಪರಿಗ್ರಹವಾಗಿಸಿಕೊಳ್ಳುತ್ತದೆ. ಸೇವೆಯ ನೆನಪುಗಳನ್ನು, ಚಿತ್ರಗಳನ್ನು, ಪ್ರಶಸ್ತಿಪತ್ರಗಳನ್ನು ಕೂಡಿಡುವುದೂ ಸಂಗ್ರಹವೇ.

ಕನ್ನಡದ ‘ಅಭಯಾರಣ್ಯ’ ಎಂಬ ಪದದಲ್ಲಿಯೇ ಈ ವಿಷಯದ ತಿರುಳಿದೆ. ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳಲ್ಲಿ ಅಭಯದಾನ ಉಳಿದ ಮೂರಕ್ಕೂ ಬುಡ. ಭಯದಲ್ಲಿರುವ ಜೀವಕ್ಕೆ ಅನ್ನವೂ ರುಚಿಸದು, ಜ್ಞಾನವೂ ಹತ್ತದು. ಅನ್ನ, ಔಷಧ, ಶಾಸ್ತ್ರಗಳನ್ನು ಕೊಡುವಾಗ ಕೈ ಮುಂದೆ ಚಾಚಬೇಕು. ಅಭಯ ಕೊಡುವಾಗ ಎಷ್ಟೋ ಸಲ ಕೈಯನ್ನು ಹಿಂದಕ್ಕೆ ಎಳೆದುಕೊಳ್ಳಬೇಕು. ಕಾಡಾನೆ ಬಯಸುವುದು ಮನುಷ್ಯನ ಸ್ಪರ್ಶವನ್ನಲ್ಲ, ಅವನು ತನ್ನ ದಾರಿಯನ್ನು ಬಿಟ್ಟುಕೊಡುವುದನ್ನು. ವನ್ಯಜೀವಿಯನ್ನು ಮುಟ್ಟಲು, ಮೀಯಿಸಲು, ಅದರೊಡನೆ ಚಿತ್ರ ತೆಗೆಸಿಕೊಳ್ಳಲು ಅವಕಾಶ ಕೊಡುವ ಸೇವೆಯಲ್ಲಿ ಸುಖ ಪಡುತ್ತಿರುವವರು ಯಾರೆಂದು ಕೇಳಿಕೊಂಡರೆ ಉತ್ತರ ದೂರವಿಲ್ಲ.

ಕೊಡಗು ಈ ಪಾಠವನ್ನು ಹೊರಗಿನವರಿಂದ ಕಲಿತದ್ದೂ ಅಲ್ಲ. ಅಲ್ಲಿನ ಊರೂರುಗಳಲ್ಲಿ ಸಾವಿರಕ್ಕೂ ಮಿಕ್ಕಿ ದೇವರಕಾಡುಗಳಿವೆ. ದೇವರ ಹೆಸರಿನಲ್ಲಿ ಕೊಡಲಿಗೆ ಗಡಿ ಹಾಕಿದ ಪರಂಪರೆ ಅದು. ಒತ್ತುವರಿಯಿಂದ ಅವು ಸೊರಗಿರುವುದೂ ನಿಜ. ಇದೇ ಜಿಲ್ಲೆಯ ಕೆ.ಎಂ. ಚಿಣ್ಣಪ್ಪ ನಾಗರಹೊಳೆಯ ವಲಯ ಅರಣ್ಯಾಧಿಕಾರಿಯಾಗಿ ಬೇಟೆಗಾರರನ್ನು ಎದುರಿಸಿ, ಸೇವೆ ಬಿಟ್ಟ ಬಳಿಕವೂ ಊರೂರಿಗೆ ಹೋಗಿ ಮಕ್ಕಳಿಗೆ ಕಾಡಿನ ಅರಿವು ಹಂಚಿದರು. ಉತ್ತರ ಕೊಡಗಿನ ಮುಳ್ಳೂರಿನಲ್ಲಿ ಕೊಂಗಾಳ್ವ ಅರಸರ ಕಾಲದ, 11ನೇ ಶತಮಾನದ ಬಸದಿಗಳು ನಿಂತಿವೆ; ಅಹಿಂಸೆಯ ಮಾತು ಈ ಮಣ್ಣಿಗೆ ಹೊಸತಲ್ಲ. ಹೊರಗಿನಿಂದ ಬರುವ ಸೇವಕ ಮೊದಲು ಇಲ್ಲಿ ಶಿಷ್ಯನಾಗಬೇಕು. ಇಲ್ಲಿಂದ ಹೊರನಾಡಿಗೆ ಹೋಗುವವನೂ ಅಷ್ಟೇ. ಅಲ್ಲಿಯೂ ಒಂದು ದೇವರಕಾಡು, ಅದನ್ನು ಕಾಯ್ದ ಹಿರಿಯರು ಇದ್ದೇ ಇರುತ್ತಾರೆ.

ಅಭಯ ಪ್ರಾಣಿಗೆ ಮಾತ್ರ ಸಲ್ಲಬೇಕಾದುದೂ ಅಲ್ಲ. ಬೆಳಗಿನ ಮಂಜಿನಲ್ಲಿ ಕಾಫಿ ತೋಟದ ಕೆಲಸಕ್ಕೆ ನಡೆದು ಹೋಗುವ ಕಾರ್ಮಿಕ, ಅದೇ ದಾರಿಯಲ್ಲಿ ಆನೆ ಎದುರಾದೀತೆಂಬ ಅಂಜಿಕೆಯಲ್ಲಿ ಹೆಜ್ಜೆಯಿಡುತ್ತಾನೆ. ಕೊಡಗಿನಲ್ಲಿ ಆ ಅಂಜಿಕೆಗೆ ಎಷ್ಟೋ ಸಾವುಗಳ ಆಧಾರವಿದೆ. ಕಾಡಂಚಿನ ಹಾಡಿಗಳಲ್ಲಿ ಬಾಳುವ ಜೇನುಕುರುಬರು, ಯರವರು ಕಾಡು ತಮ್ಮ ಕೈತಪ್ಪುವ ಭಯದಲ್ಲಿದ್ದಾರೆ. ಆನೆಗೆ ಅಭಯವಿತ್ತು ಕಾರ್ಮಿಕನನ್ನು ಮರೆಯುವ ಸಂರಕ್ಷಣೆಯೂ, ಊರನ್ನು ಉದ್ಧರಿಸಿ ಆನೆಯ ದಾರಿ ಮುಚ್ಚುವ ಅಭಿವೃದ್ಧಿಯೂ ಅರ್ಧ ದಾನಗಳು. ಏಕೇಂದ್ರಿಯದಿಂದ ಪಂಚೇಂದ್ರಿಯದವರೆಗೆ ಎಲ್ಲ ಜೀವಗಳನ್ನೂ ಒಂದೇ ಲೆಕ್ಕದೊಳಗೆ ತಂದ ಧರ್ಮದ ಅನುಯಾಯಿಗೆ ಈ ಅರ್ಧದಲ್ಲಿ ತೃಪ್ತಿಯಿರಲಾಗದು.

ಹಾಗಾದರೆ ಶ್ರಾವಕರ ಮಕ್ಕಳು ಪರದೇಶದ ಸೇವೆಗೆ ಹೋಗಬಾರದೆ? ಹೋಗಲಿ, ಆದರೆ ವ್ರತ ತೊಟ್ಟು ಹೋಗಲಿ. ವಿಮಾನದ ಒಂದು ಯಾನವೂ ವಾಯುಕಾಯ, ಅಗ್ನಿಕಾಯ ಜೀವಗಳಿಗೆ ಎಷ್ಟು ನೋವೆಂಬುದನ್ನು ನೆನೆದು, ಆ ಋಣಕ್ಕೆ ತಕ್ಕಷ್ಟು ಕಾಲ ಅಲ್ಲಿ ದುಡಿಯುವೆನೆಂದು ನಿಶ್ಚಯಿಸಲಿ. ತಾನು ಕೊಡುವ ಹಣ ಎಲ್ಲಿಗೆ ಸೇರುತ್ತದೆ, ತಾನು ಬಂದ ಮೇಲೆ ಆ ಪ್ರಾಣಿಯ ಅಥವಾ ಮಗುವಿನ ಗತಿ ಏನು, ಊರಿನವರೇ ಮಾಡಬಲ್ಲ ಕೆಲಸವನ್ನು ತಾನು ಕಸಿದುಕೊಳ್ಳುತ್ತಿಲ್ಲವೆ ಎಂದು ಮೊದಲೇ ವಿಚಾರಿಸಲಿ. ಸಮಾಧಾನದ ಉತ್ತರ ಸಿಗದಿದ್ದರೆ ಮನೆಯಲ್ಲಿಯೇ ಉಳಿಯುವುದೂ ಒಂದು ಸೇವೆ.

ವರ್ಷದ ಎಂಟು ತಿಂಗಳು ವಿಹಾರದಲ್ಲಿರುವ ಮುನಿಗಳು ಮಳೆಗಾಲದ ನಾಲ್ಕು ತಿಂಗಳು ಒಂದೆಡೆ ನಿಲ್ಲುತ್ತಾರೆ. ಮೊಳೆಯುವ ಹುಲ್ಲು, ಹರಿದಾಡುವ ಹುಳ ಕಾಲಡಿಗೆ ಸಿಗಬಾರದೆಂಬುದೇ ಕಾರಣ. ಲೋಕಹಿತಕ್ಕಾಗಿ ನಡೆಯುವವರೇ ಜೀವಹಿತಕ್ಕಾಗಿ ನಡಿಗೆಯನ್ನು ನಿಲ್ಲಿಸುತ್ತಾರೆ. ಯಾವಾಗ ಹೊರಡಬೇಕು, ಎಲ್ಲಿ ನಿಲ್ಲಬೇಕು ಎಂಬೆರಡನ್ನೂ ಬಲ್ಲವನ ಸೇವೆ ದೇಶದಲ್ಲಿದ್ದರೂ ಪರದೇಶದಲ್ಲಿದ್ದರೂ ವೈಯಾವೃತ್ಯವೆಂಬ ಅಂತರಂಗ ತಪಸ್ಸಾಗುತ್ತದೆ.