ಕಡತ ಒಂದೇ ಇರಲಿ, ಕೀಲಿ ಒಬ್ಬೊಬ್ಬರಿಗೂ ಇರಲಿ

ಗಲ್ಲಾದ ಕೀಲಿಕೈ ಐವರ ಕೈಯಲ್ಲಿ ಓಡಾಡುವ ಹೋಟೆಲಿನಲ್ಲಿ ರಾತ್ರಿಯ ಲೆಕ್ಕಕ್ಕೆ ಹಣ ಕಡಮೆ ಬಿದ್ದರೆ ಹೊಣೆಗಾರನೆನ್ನಿಸಿಕೊಳ್ಳುವವನು ಯಾರು? ಬಹುಮಟ್ಟಿಗೆ ಐವರಲ್ಲಿ ಅತ್ಯಂತ ಕಿರಿಯನು. ಅವನು ತೆಗೆದನೆಂಬುದಕ್ಕೆ ಸಾಕ್ಷಿಯಿಲ್ಲ, ತೆಗೆಯಲಿಲ್ಲವೆಂಬುದಕ್ಕೂ ಸಾಕ್ಷಿಯಿಲ್ಲ. ಸಾಕ್ಷಿಯಿಲ್ಲದೆಡೆಯಲ್ಲಿ ಸಂಶಯವು ನೀರಿನಂತೆ ತಗ್ಗಿಗೇ ಹರಿಯುತ್ತದೆ. ಹೋಟೆಲು ನಡೆಸಿದವರಿಗೂ ಅದರಲ್ಲಿ ದುಡಿದವರಿಗೂ ಇದನ್ನು ವಿವರಿಸಿ ಹೇಳಬೇಕಾದುದಿಲ್ಲ.

ಗಲ್ಲಾದ ವಿಷಯದಲ್ಲಿ ಇಷ್ಟು ಎಚ್ಚರವುಳ್ಳ ನಮ್ಮ ಜನರು ಇ-ಮೇಲಿನ ಮತ್ತು ಕಂಪ್ಯೂಟರಿನ ಕಡತಗಳ ವಿಷಯದಲ್ಲಿ ಅಲಕ್ಷ್ಯದಿಂದಿರುವುದು ವಿಷಾದಕರ. ಎಷ್ಟೋ ಹೋಟೆಲುಗಳಲ್ಲಿ, ಸಣ್ಣ ಕಚೇರಿಗಳಲ್ಲಿ ಇಡೀ ಸಂಸ್ಥೆಗೆ ಒಂದೇ ಇ-ಮೇಲ್ ವಿಳಾಸ, ಒಂದೇ ಪಾಸ್‌ವರ್ಡು. ಅದನ್ನು ಚೀಟಿಯಲ್ಲಿ ಬರೆದು ಕಂಪ್ಯೂಟರಿಗೆ ಅಂಟಿಸಿಡುವುದೂ ಉಂಟು. ದಿನಸಿ ವ್ಯಾಪಾರಿಯ ಬಿಲ್ಲು, ಮದುವೆಯೂಟದ ಆರ್ಡರು, ಜಿ.ಎಸ್.ಟಿ. ಕಾಗದ, ನೌಕರರ ಆಧಾರ್ ಪ್ರತಿ, ಎಲ್ಲವೂ ಅಲ್ಲಿಯೇ. ಒಂದು ಪತ್ರ ಅಳಿದುಹೋದರೆ, ತಪ್ಪು ದರ ಹೊರಗೆ ಹೋದರೆ, ಮಾಡಿದವರಾರೆಂದು ತಿಳಿಯುವ ದಾರಿಯಿಲ್ಲ. ಆಗಲೂ ಕಿರಿಯನೇ ಸಂಶಯಕ್ಕೆ ಗುರಿ.

ನಮ್ಮ ಅಭಿಪ್ರಾಯ ಇಷ್ಟೆ: ಕಡತವು ಎಲ್ಲರಿಗೂ ಒಂದೇ ಇರಬೇಕು, ಕೀಲಿ ಒಬ್ಬೊಬ್ಬರಿಗೂ ಬೇರೆ ಬೇರೆ ಇರಬೇಕು. ಇದರಿಂದ ಮಾಲಿಕರಿಗೆ ಅನುಕೂಲವುಂಟು. ಅದಕ್ಕಿಂತ ಹೆಚ್ಚಿನ ರಕ್ಷಣೆ ದೊರೆಯುವುದು ಗುಮಾಸ್ತನಿಗೆ ಮತ್ತು ಕೌಂಟರಿನ ಹುಡುಗನಿಗೆ.

ಮೊದಲು ಕೀಲಿಯ ಮಾತು. “ನಮ್ಮ ಹುಡುಗರು ಮನೆಯವರಿದ್ದಂತೆ, ಅವರಿಗೆ ಬೇರೆ ಬೇರೆ ಪಾಸ್‌ವರ್ಡು ಏತಕ್ಕೆ?” ಎಂದು ಕೇಳುವ ಮಾಲಿಕರುಂಟು. ಮನೆಯವರಾದುದರಿಂದಲೇ ಬೇಕು ಎಂಬುದು ನಮ್ಮ ಉತ್ತರ. ಅಣ್ಣತಮ್ಮಂದಿರ ನಡುವೆಯೂ ಲೆಕ್ಕ ನೇರವಾಗಿದ್ದರೆ ಮಾತ್ರ ಪ್ರೀತಿ ಉಳಿಯುತ್ತದೆ. ಜಿ-ಮೇಲಿನಲ್ಲಿ ಸಂಸ್ಥೆಯ ಅಂಚೆಪೆಟ್ಟಿಗೆಯನ್ನು ನೋಡಿಕೊಳ್ಳಲು ಇನ್ನೊಬ್ಬರನ್ನು ಪ್ರತಿನಿಧಿಯಾಗಿ ನೇಮಿಸುವ ಏರ್ಪಾಡಿದೆ. ಅವರು ತಮ್ಮ ಸ್ವಂತ ಪಾಸ್‌ವರ್ಡಿನಿಂದಲೇ ಒಳಹೊಕ್ಕು ಪತ್ರಗಳನ್ನು ಓದಿ ಉತ್ತರಿಸಬಹುದು. ಮಾಲಿಕರ ಪಾಸ್‌ವರ್ಡನ್ನು ಬದಲಾಯಿಸಲಾರರು. ಕೆಲಸ ಬಿಟ್ಟು ಹೋದವರ ಹೆಸರನ್ನು ಅಂದೇ ತೆಗೆದುಹಾಕಿದರಾಯಿತು. ಎಲ್ಲರಿಗೂ ಹೊಸ ಪಾಸ್‌ವರ್ಡು ಹಂಚುವ ತೊಡಕಿಲ್ಲ.

ಇನ್ನು ಕಡತದ ಮಾತು. ದರಪಟ್ಟಿಯೊಂದನ್ನು ನಾಲ್ವರಿಗೆ ಲಗತ್ತಾಗಿ ಕಳುಹಿಸಿದಿರೆನ್ನಿ. ಆ ಕ್ಷಣದಿಂದ ಅದು ನಾಲ್ಕು ಕಡತ. ಒಬ್ಬರು ಇಡ್ಲಿಯ ದರ ತಿದ್ದುತ್ತಾರೆ, ಇನ್ನೊಬ್ಬರು ಕಾಫಿಯ ದರ ತಿದ್ದುತ್ತಾರೆ. ವಾರ ಕಳೆಯುವುದರೊಳಗೆ “ಫೈನಲ್”, “ಹೊಸ ಫೈನಲ್”, “ನಿಜವಾದ ಫೈನಲ್” ಎಂಬ ಮೂರು ಕಡತಗಳು ಹುಟ್ಟಿರುತ್ತವೆ. ಮುದ್ರಣಕ್ಕೆ ಹೋಗುವುದು ನಾಲ್ಕನೆಯದು! ಇದಕ್ಕೆ ಪರಿಹಾರ ಸುಲಭ. ಕಡತವನ್ನು ಗೂಗಲ್ ಡ್ರೈವಿನಂತಹ ಒಂದು ಕಡೆ ಇಟ್ಟು ಅದರ ಲಿಂಕನ್ನು ಮಾತ್ರ ಕಳುಹಿಸಬೇಕು. ಜಿ-ಮೇಲಿನಲ್ಲಿ ಲಗತ್ತಿಗೆ 25 ಎಂ.ಬಿ. ಮಿತಿ ಬೇರೆ ಇದೆ. ಲಿಂಕಿಗೆ ಆ ತೊಂದರೆಯಿಲ್ಲ.

ಲಿಂಕು ಕೊಡುವಾಗ ಯಾರಿಗೆ ಎಷ್ಟು ಅಧಿಕಾರವೆಂಬುದನ್ನು ನಿರ್ಧರಿಸತಕ್ಕದ್ದು. ಕೆಲವರಿಗೆ ಓದಲು ಮಾತ್ರ, ಕೆಲವರಿಗೆ ಟಿಪ್ಪಣಿ ಹಾಕಲು, ಒಬ್ಬಿಬ್ಬರಿಗೆ ತಿದ್ದಲು. ಡ್ರೈವಿನಲ್ಲಿ ಬರೆದ ದಸ್ತಾವೇಜುಗಳಲ್ಲಿ ಯಾರು ಯಾವಾಗ ಏನನ್ನು ತಿದ್ದಿದರೆಂಬುದು ದಾಖಲಾಗಿರುತ್ತದೆ. ಹಿಂದಿನ ರೂಪವನ್ನು ಮರಳಿ ಪಡೆಯಲೂ ಬರುತ್ತದೆ. ಕಸದ ಬುಟ್ಟಿಗೆ ಹೋದ ಕಡತವು ಅಲ್ಲಿ 30 ದಿನ ಉಳಿದಿರುತ್ತದೆ. “ಲಿಂಕು ಇರುವ ಯಾರಾದರೂ ನೋಡಬಹುದು” ಎಂಬ ಆಯ್ಕೆಯನ್ನು ದರಪಟ್ಟಿಗೆ ಕೊಡಬಹುದು. ನೌಕರರ ಆಧಾರಿಗೂ ಸಂಬಳದ ಪಟ್ಟಿಗೂ ಎಂದಿಗೂ ಕೊಡಕೂಡದು. ಕಡತದ ಹೆಸರಿನಲ್ಲಿ ಮೊದಲು ವರ್ಷ, ಆಮೇಲೆ ತಿಂಗಳು, ಆಮೇಲೆ ತಾರೀಖು ಬರೆದರೆ ಅವು ತಾವಾಗಿಯೇ ಕಾಲಕ್ರಮದಲ್ಲಿ ನಿಲ್ಲುತ್ತವೆ. ಕನ್ನಡದಲ್ಲಿ ಬರೆಯುವವರು ಯೂನಿಕೋಡನ್ನೇ ಬಳಸಬೇಕು. ಹಳೆಯ ನುಡಿ, ಬರಹ ಅಕ್ಷರಗಳ ಕಡತವು ಆ ಅಕ್ಷರಗಳಿಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತದೆ.

ಪತ್ರ ಬರೆಯುವ ಕ್ರಮವನ್ನೂ ಇಲ್ಲಿಯೇ ಹೇಳಿಬಿಡುತ್ತೇವೆ. ಒಂದು ಪತ್ರಕ್ಕೆ ಒಂದೇ ವಿಷಯ; ಆ ವಿಷಯವು ಶೀರ್ಷಿಕೆಯಲ್ಲಿ ಸ್ಪಷ್ಟವಾಗಿರಬೇಕು. “ನಮಸ್ಕಾರ” ಎಂಬ ಶೀರ್ಷಿಕೆಯ ಪತ್ರವನ್ನು ಆರು ತಿಂಗಳ ಮೇಲೆ ಹುಡುಕಿ ತೆಗೆಯುವುದು ಯಾರಿಂದಲೂ ಆಗದು. ಕೆಲಸ ಮಾಡಬೇಕಾದವರ ಹೆಸರು “ಟು” ಎಂಬಲ್ಲಿ, ತಿಳಿದಿದ್ದರೆ ಸಾಕೆನ್ನುವವರ ಹೆಸರು “ಸಿಸಿ” ಎಂಬಲ್ಲಿ. ಟೈಪುಯಂತ್ರದ ಕಾಲದಲ್ಲಿ ಕಾರ್ಬನ್ ಕಾಗದ ಇಟ್ಟು ತೆಗೆಯುತ್ತಿದ್ದ ಪ್ರತಿಯ ಹೆಸರೇ ಈ “ಸಿಸಿ”. ಅನೇಕ ಗಿರಾಕಿಗಳಿಗೆ ಒಟ್ಟಿಗೆ ಬರೆಯುವಾಗ “ಬಿಸಿಸಿ” ಬಳಸಿದರೆ ಒಬ್ಬರ ವಿಳಾಸ ಇನ್ನೊಬ್ಬರಿಗೆ ಕಾಣುವುದಿಲ್ಲ. ಜಿ-ಮೇಲಿನಲ್ಲಿ ಕಳುಹಿಸಿದ ಪತ್ರವನ್ನು ಹಿಂದಕ್ಕೆ ಪಡೆಯುವ ಅವಧಿಯನ್ನು 30 ಸೆಕೆಂಡಿನವರೆಗೆ ಹೆಚ್ಚಿಸಿಕೊಳ್ಳಬಹುದು, ಇಂದೇ ಹೆಚ್ಚಿಸಿಕೊಳ್ಳಿರಿ. ದಿನವಿಡೀ ಇನ್‌ಬಾಕ್ಸನ್ನು ಕಾಯುತ್ತ ಕುಳಿತರೆ ಕೈಕೆಲಸ ಕೆಡುತ್ತದೆ. ಬೆಳಗ್ಗೆ, ಊಟದ ಗಿರಾಕಿ ಇಳಿದ ಮೇಲೆ, ರಾತ್ರಿ, ಹೀಗೆ ಮೂರು ಹೊತ್ತು ನೋಡಿದರೆ ಸಾಕು. ತಕ್ಷಣ ಉತ್ತರ ಸಿದ್ಧವಿಲ್ಲದಿದ್ದರೆ “ಪತ್ರ ತಲುಪಿತು, ನಾಳೆ ಸಂಜೆಯೊಳಗೆ ತಿಳಿಸುತ್ತೇವೆ” ಎಂಬ ಒಂದು ಸಾಲು ಬರೆಯಿರಿ. ಆ ಒಂದು ಸಾಲಿನಿಂದ ಗಿರಾಕಿ ಉಳಿಯುತ್ತಾನೆ.

ಇಷ್ಟೆಲ್ಲ ಶಿಸ್ತಿನ ಗೊಡವೆ ಬಡ ನೌಕರನಿಗೆ ಏಕೆಂದರೆ, ಬರೆದ ಪತ್ರವೇ ಅವನ ಸಾಕ್ಷಿ. ಮೇಲಿನವರು ಫೋನಿನಲ್ಲಿ “ಐನೂರು ಎಲೆಯ ಆರ್ಡರನ್ನು ಮುನ್ನೂರಕ್ಕೆ ಇಳಿಸು” ಎನ್ನುತ್ತಾರೆ; ಊಟಕ್ಕೆ ಐನೂರು ಜನ ಬಂದಾಗ ಆ ಮಾತು ಆಡಿದವರಿಗೆ ನೆನಪಿರುವುದಿಲ್ಲ. ಫೋನು ಇಟ್ಟ ಕೂಡಲೆ “ತಾವು ಈಗ ಹೇಳಿದಂತೆ ಆರ್ಡರನ್ನು ಮುನ್ನೂರಕ್ಕೆ ಇಳಿಸಿದ್ದೇನೆ” ಎಂದು ವಿನಯದಿಂದ ಒಂದು ಪತ್ರ ಹಾಕಿದ ಗುಮಾಸ್ತನು ನಿಶ್ಚಿಂತನು. 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯು ವಿದ್ಯುನ್ಮಾನ ದಾಖಲೆಗೆ ಕಾನೂನಿನ ಮನ್ನಣೆ ಕೊಟ್ಟಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ ಮೇರೆಗೂ ಅಂತಹ ದಾಖಲೆಯನ್ನು ತಕ್ಕ ಪ್ರಮಾಣಪತ್ರದೊಡನೆ ನ್ಯಾಯಾಲಯದಲ್ಲಿ ಹಾಜರುಪಡಿಸಬಹುದು. ಸ್ವಂತ ನೇಮಕ ಪತ್ರ, ಸಂಬಳದ ಚೀಟಿ, ಭವಿಷ್ಯನಿಧಿಯ ಕಾಗದಗಳನ್ನು ಪ್ರತಿಯೊಬ್ಬ ನೌಕರನೂ ತನ್ನ ಖಾಸಗಿ ವಿಳಾಸದಲ್ಲಿಯೂ ಇಟ್ಟುಕೊಳ್ಳಬೇಕು. ಕೆಲಸ ಬಿಟ್ಟ ಮೇಲೆ ಕಚೇರಿಯ ಖಾತೆ ಅವನಿಗೆ ತೆರೆಯದು. ಆದರೆ ಕಚೇರಿಯ ಕಾಗದವನ್ನು ಒಯ್ಯಕೂಡದು; ಅದು ಅವನದಲ್ಲ.

ಕಡೆಯದಾಗಿ ಒಂದು ಎಚ್ಚರಿಕೆ. “ನಮ್ಮ ಬ್ಯಾಂಕಿನ ಖಾತೆ ಬದಲಾಗಿದೆ, ಇನ್ನು ಮುಂದೆ ಈ ಖಾತೆಗೆ ಹಣ ಹಾಕಿರಿ” ಎಂದು ಪರಿಚಿತ ವ್ಯಾಪಾರಿಯ ಹೆಸರಿನಲ್ಲಿ ಪತ್ರ ಬಂದರೆ, ಪತ್ರದಲ್ಲಿರುವ ನಂಬರಿಗೆ ಫೋನು ಮಾಡಬೇಡಿರಿ. ಮೊದಲಿನಿಂದ ನಿಮ್ಮಲ್ಲಿರುವ ನಂಬರಿಗೆ ಮಾಡಿ ವಿಚಾರಿಸಿರಿ. ಕೈಮೀರಿ ಹಣ ಹೋಗಿದ್ದರೆ ತಡಮಾಡದೆ 1930 ಎಂಬ ಸಹಾಯವಾಣಿಗೆ ತಿಳಿಸಿರಿ. ಹೆದರಿ ಮುಚ್ಚಿಟ್ಟ ಪ್ರತಿ ಗಂಟೆಯೂ ಕಳ್ಳನಿಗೆ ಲಾಭ.

ಇದೆಲ್ಲ ಹೆಚ್ಚು ಓದಿದವರ ವಿದ್ಯೆಯೆಂದು ಯಾರೂ ಹಿಂಜರಿಯಬೇಕಾಗಿಲ್ಲ. ನಮ್ಮ ವಿದ್ಯೆಯೂ ಎಸ್.ಎಸ್.ಎಲ್.ಸಿ.ಗೇ ಮುಗಿದುದು. ಮುಂಬಯಿಯಲ್ಲಿ ಹಗಲು ಲೋಟ ತೊಳೆದು ರಾತ್ರಿಶಾಲೆಯಲ್ಲಿ ಅಕ್ಷರ ಕಲಿತ ಕನ್ನಡಿಗರ ಮುಂದೆ ಇದು ಎಷ್ಟರ ಕಷ್ಟ? ನಮ್ಮ ಊರೂರಿನ ಕನ್ನಡ ಸಂಘಗಳು ತಿಂಗಳಿಗೆ ಒಂದು ಭಾನುವಾರ, ಎರಡು ಗಂಟೆಯ ಕಾಲ, ಇದನ್ನು ಕನ್ನಡದಲ್ಲಿಯೇ ಕಲಿಸಲು ಮುಂದಾಗಲಿ. ಮಾಲಿಕರು ಆ ಎರಡು ಗಂಟೆಯ ಬಿಡುವನ್ನು ಸಂಬಳ ಹಿಡಿಯದೆ ಕೊಡಲಿ. ಕಂಪ್ಯೂಟರಿಗೆ ಅಂಟಿಸಿದ ಪಾಸ್‌ವರ್ಡಿನ ಚೀಟಿಯನ್ನಂತೂ ಇಂದೇ ಹರಿದುಹಾಕಲಿ.