ಸಹಿ ಹಾಕುವ ಮೊದಲು ಆ ಇಂಗ್ಲಿಷ್ ಮಾತಿನ ಅರ್ಥ ಗೊತ್ತಿರಲಿ

ಯಳಂದೂರಿನಲ್ಲಿ ಅಂಗಡಿ ಇಟ್ಟಿರುವ ನನ್ನ ಭಾವ ಕೆಲವು ವರ್ಷಗಳ ಹಿಂದೆ ಸ್ನೇಹಿತರೊಬ್ಬರ ಸಾಲಕ್ಕೆ ಜಾಮೀನು ಹಾಕಿದರು. ಹನೂರು ಕಡೆಗೆ ಸರಕು ಸಾಗಿಸಲು ಆ ಸ್ನೇಹಿತರಿಗೆ ಒಂದು ಗಾಡಿ ಬೇಕಿತ್ತು. ಸಾಲ ತೆಗೆದವರು ಒಬ್ಬರು, ಜಾಮೀನುದಾರರು ಇಬ್ಬರು. ಕಾಗದವೆಲ್ಲ ಇಂಗ್ಲಿಷಿನಲ್ಲಿ. ಅದರಲ್ಲಿ ‘ಜಾಯಿಂಟ್ಲಿ ಆ್ಯಂಡ್ ಸೆವೆರಲಿ’ ಎಂಬ ಮಾತು ಎರಡು ಮೂರು ಕಡೆ ಇತ್ತು. ಭಾವ ಮಗಳನ್ನು ಕರೆದು ಕೇಳಿದರು. ಅವಳು ಆಗ ಪಿಯುಸಿ ಓದುತ್ತಿದ್ದಳು, ಇಂಗ್ಲಿಷಿನಲ್ಲಿ ಯಾವಾಗಲೂ ಒಳ್ಳೆಯ ಅಂಕ. “ಜಾಯಿಂಟ್ ಅಂದ್ರೆ ಒಟ್ಟಿಗೆ, ಸೆವೆರಲ್ ಅಂದ್ರೆ ಹಲವರು. ಎಲ್ಲರೂ ಸೇರಿ ಹಂಚಿಕೊಂಡು ಕಟ್ಟೋದು ಉಪ್ಪ” ಅಂದಳು. ಅನುಮಾನ ಬೇಡವೆಂದು ಮೊಬೈಲಿಗೂ ಹಾಕಿ ನೋಡಿದಳು. ‘ಜಂಟಿಯಾಗಿ ಮತ್ತು ಪ್ರತ್ಯೇಕವಾಗಿ’ ಎಂದು ಬಂತು. ಪ್ರತ್ಯೇಕ ಅಂದ ಮೇಲೆ ಅವರವರ ಪಾಲು ಅವರವರಿಗೆ ಎಂದುಕೊಂಡು ಭಾವ ಸಹಿ ಹಾಕಿದರು.

ಒಂದು ವರ್ಷದ ನಂತರ ಕಂತು ನಿಂತಿತು. ಭಾವನ ಮನೆಗೆ ನೋಟಿಸ್ ಬಂತು. ಮೂರರಲ್ಲಿ ಒಂದು ಪಾಲಿಗಲ್ಲ, ಪೂರ್ತಿ ಬಾಕಿಗೆ.

ಆ ಮಾತಿನ ಅರ್ಥವೇ ಅದು. ಎಲ್ಲರೂ ಸೇರಿಯೂ ಹೊಣೆ, ಒಬ್ಬೊಬ್ಬರೂ ಪೂರ್ತಿ ಹೊಣೆ. ಸಾಲ ಕೊಟ್ಟವರು ಮೂವರಲ್ಲಿ ಯಾರನ್ನು ಬೇಕಾದರೂ ಹಿಡಿದು ಪೂರ್ತಿ ಹಣ ಕೇಳಬಹುದು. 1872ರ ಭಾರತೀಯ ಕರಾರು ಕಾಯ್ದೆಯ 128ನೇ ಕಲಮು ಹೇಳುವುದೂ ಇದನ್ನೇ: ಕರಾರಿನಲ್ಲಿ ಬೇರೆ ರೀತಿ ಬರೆದಿಲ್ಲದಿದ್ದರೆ ಸಾಲಗಾರನ ಹೊಣೆ ಎಷ್ಟೋ ಜಾಮೀನುದಾರನ ಹೊಣೆಯೂ ಅಷ್ಟೇ. ಕಟ್ಟಿದ ಮೇಲೆ ಆ ಹಣವನ್ನು ಸಾಲಗಾರನಿಂದ ವಸೂಲು ಮಾಡುವ ಹಕ್ಕು ಜಾಮೀನುದಾರನಿಗೆ ಇದೆ, ನಿಜ. ಆದರೆ ಮೊದಲು ಕಟ್ಟಬೇಕು, ಆಮೇಲೆ ಓಡಾಡಬೇಕು.

ಆ ಹುಡುಗಿಯ ತಪ್ಪೇನು? ಬಿಡಿ ಬಿಡಿಯಾಗಿ ನೋಡಿದರೆ ಅವಳು ಹೇಳಿದ್ದರಲ್ಲಿ ದೊಡ್ಡ ತಪ್ಪಿರಲಿಲ್ಲ. ಮೊಬೈಲ್ ಕೊಟ್ಟ ಕನ್ನಡವೂ ಸರಿಯೇ. ಆದರೆ ಕೆಲವು ಮಾತುಗಳು ಜೋಡಿಯಾಗಿ ನಿಂತಾಗ ಬಿಡಿ ಪದಗಳ ಅರ್ಥ ಬಿಟ್ಟು ಬೇರೆ ಅರ್ಥ ಕೊಡುತ್ತವೆ. ಅದನ್ನು ಇಡಿಯಾಗಿಯೇ ಕಲಿಯಬೇಕು. ನಾನು ಇಲ್ಲಿ ಹೇಳಬೇಕೆಂದಿರುವುದು ಇಷ್ಟೇ: ನಮ್ಮ ಮಕ್ಕಳು ಇಂಗ್ಲಿಷ್ ನುಡಿಗಟ್ಟು ಕಲಿಯಬೇಕು, ಆದರೆ ಮನೆಯನ್ನು ಕಟ್ಟಿಹಾಕುವ ಮಾತುಗಳಿಂದ ಶುರು ಮಾಡಬೇಕು. ಅರ್ಥ ಕೇಳುವ ನಾಚಿಕೆಯನ್ನು ದೊಡ್ಡವರಾದ ನಾವು ಮೊದಲು ಬಿಡಬೇಕು.

ಇದು ನಮಗೆ ಹೊಸ ವಿದ್ಯೆಯೇನಲ್ಲ. ‘ಅವನು ನನಗೆ ಕೈಕೊಟ್ಟ’ ಅಂದರೆ ಕನ್ನಡದಲ್ಲಿ ಮೋಸ ಮಾಡಿದ, ನಡುನೀರಿನಲ್ಲಿ ಬಿಟ್ಟುಹೋದ ಎಂದರ್ಥ. ಇಂಗ್ಲಿಷಿನವರು ‘ಗಿವ್ ಮಿ ಎ ಹ್ಯಾಂಡ್’ ಅಂದರೆ ಸಹಾಯ ಮಾಡು ಎಂದು ಕೇಳುತ್ತಿದ್ದಾರೆ. ಅದೇ ಕೈ, ಅದೇ ಕೊಡುವುದು, ಅರ್ಥ ಮಾತ್ರ ತಲೆಕೆಳಗು. ‘ಹೊಟ್ಟೆಕಿಚ್ಚು’ ಅಂದರೆ ಯಾರೂ ಆಸಿಡಿಟಿ ಮಾತ್ರೆ ಕೊಡುವುದಿಲ್ಲ. ಬ್ಯಾರಿ ಬಾಸೆಯಲ್ಲಿ ನಮ್ಮ ಉಮ್ಮಂದಿರು ಒಂದು ಮಾತಿನಲ್ಲಿ ಹತ್ತು ಅರ್ಥ ಇಟ್ಟು ಹೇಳುವುದನ್ನು ಕೇಳುತ್ತಲೇ ಬೆಳೆದವರು ನಾವು. ಶಾಲೆಗೆ ಹೋಗದ ಉಮ್ಮನಿಗೂ ಗೊತ್ತು, ಮಾತನ್ನು ಪದ ಪದ ಬಿಡಿಸಿದರೆ ಅರ್ಥ ಸಿಗುವುದಿಲ್ಲ ಎಂದು. ಮಗ ಇಂಗ್ಲಿಷ್ ಪುಸ್ತಕ ಹಿಡಿದ ತಕ್ಷಣ ಆ ತಿಳಿವಳಿಕೆಯನ್ನು ನಾವು ಬಾಗಿಲ ಹೊರಗೆ ಇಡುತ್ತೇವೆ.

ಹಾಗೆ ಇಡಬಾರದು. ‘ಒನ್ಸ್ ಇನ್ ಎ ಬ್ಲೂ ಮೂನ್’ ಅನ್ನು ನೀಲಿ ಚಂದ್ರ ಎಂದು ಬಾಯಿಪಾಠ ಮಾಡುವ ಮಗುವಿಗೆ ‘ಅಮಾವಾಸ್ಯೆಗೊಮ್ಮೆ ಹುಣ್ಣಿಮೆಗೊಮ್ಮೆ’ ಎಂದು ಹೇಳಿ ನೋಡಿ, ಮತ್ತೆ ಮರೆಯುವುದಿಲ್ಲ. ‘ಪೀಸ್ ಆಫ್ ಕೇಕ್’ ಅಂದರೆ ನೀರು ಕುಡಿದಷ್ಟು ಸುಲಭ. ಇಲ್ಲಿಯೂ ಸ್ವಲ್ಪ ಜಾಗ್ರತೆ ಬೇಕು. ಇಂಗ್ಲಿಷಿನಲ್ಲಿ ‘ಇಲಿಗುಡ್ಡೆಯನ್ನು ಪರ್ವತ ಮಾಡುವುದು’ ಎಂಬಂಥ ಮಾತೊಂದಿದೆ. ಗುಡ್ಡವೂ ಇಲಿಯೂ ಸಿಕ್ಕಿತಲ್ಲ ಎಂದು ಅದಕ್ಕೆ ‘ಗುಡ್ಡ ಅಗೆದು ಇಲಿ ಹಿಡಿದ ಹಾಗೆ’ ಎಂದು ಬರೆದರೆ ತಪ್ಪು. ಅದು ದೊಡ್ಡ ಶ್ರಮಕ್ಕೆ ಸಣ್ಣ ಫಲ. ಇಂಗ್ಲಿಷ್ ಮಾತಿನ ಅರ್ಥ ಸಣ್ಣದನ್ನು ದೊಡ್ಡದು ಮಾಡುವುದು, ನಮ್ಮ ‘ಕಡ್ಡಿಯನ್ನು ಗುಡ್ಡ ಮಾಡುವುದು’. ಪದ ಹೊಂದಿದರೆ ಸಾಲದು, ಸಂದರ್ಭ ಹೊಂದಬೇಕು.

ಈ ಊರುಗಳಲ್ಲಿ ಇರುವವರಿಗೆ ಇದು ಕಷ್ಟವಾಗಬಾರದು. 1956ರವರೆಗೆ ಕೊಳ್ಳೇಗಾಲ ಮದ್ರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಇವತ್ತಿಗೂ ಪೇಟೆಯಲ್ಲಿ ಕನ್ನಡದ ಜೊತೆ ತಮಿಳು, ಉರ್ದು ಕಿವಿಗೆ ಬೀಳುತ್ತವೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ನುಡಿ ಇದೆ, ಒಡೆಯರಪಾಳ್ಯದಲ್ಲಿ ಟಿಬೆಟನ್ನರ ಮಾತು ಇದೆ. ಕರಾವಳಿಯಿಂದ ಬಂದ ನಾವು ಮನೆಯೊಳಗೆ ಬ್ಯಾರಿ, ಗಲ್ಲಾದ ಮುಂದೆ ಕನ್ನಡ, ಮಸೀದಿಯಲ್ಲಿ ಸಿಕ್ಕವರೊಡನೆ ಉರ್ದು ಮಾತಾಡುತ್ತೇವೆ. ಯಾವುದನ್ನೂ ಪಟ್ಟಿ ಮಾಡಿ ಕಲಿತಿಲ್ಲ, ಕೆಲಸದ ನಡುವೆ ಕೇಳಿ ಕಲಿತಿದ್ದೇವೆ. ನುಡಿಗಟ್ಟು ಹುಟ್ಟುವುದೂ ಕೆಲಸದಲ್ಲೇ. ‘ಹಾಸುಹೊಕ್ಕು’ ಎಂಬ ಕನ್ನಡದ ಮಾತು ಮಗ್ಗದ್ದು, ಉದ್ದದ ನೂಲು ಹಾಸು, ಅಡ್ಡದ ನೂಲು ಹೊಕ್ಕು. ಕೊಳ್ಳೇಗಾಲದ ರೇಷ್ಮೆ ಮಗ್ಗ ನೋಡಿದ ಮಗುವಿಗೆ ಇದನ್ನು ವಿವರಿಸಬೇಕಿಲ್ಲ. ಇಂಗ್ಲಿಷಿನ ‘ಆನ್ ಟೆಂಟರ್‌ಹುಕ್ಸ್’ ಕೂಡ ಬಟ್ಟೆಯ ಕಸುಬಿನದೇ. ನೇಯ್ದ ಉಣ್ಣೆ ಬಟ್ಟೆಯನ್ನು ಬಿಗಿಯಾಗಿ ಎಳೆದು ಒಣಗಿಸಲು ಸಿಕ್ಕಿಸುತ್ತಿದ್ದ ಕೊಕ್ಕೆಗಳು ಅವು. ಫಲಿತಾಂಶಕ್ಕೆ ಕಾಯುವ ಮಗುವಿನ ಮನಸ್ಸು ಹಾಗೆ ಬಿಗಿದುಕೊಂಡಿರುತ್ತದೆ. ಹೀಗೆ ಹೇಳಿಕೊಟ್ಟರೆ ಮಕ್ಕಳು ಕಲಿಯದೆ ಇರುತ್ತಾರೆಯೇ?

ಆದರೆ ಹಲವು ಕಡೆ ಹೇಳಿಕೊಡುವುದು ಬೆಕ್ಕು ನಾಯಿಗಳ ಮಳೆಯನ್ನು. ಜೋರು ಮಳೆಗೆ ಅಂಥ ಮಾತು ಇದೆ, ಇರಲಿ. ಅದು ಗೊತ್ತಿಲ್ಲದೆ ಯಾರ ಮನೆಯೂ ಹಾಳಾಗಿಲ್ಲ. ಹಾಳು ಮಾಡುವ ಮಾತುಗಳು ಬೇರೆ ಇವೆ. ಪತ್ರಿಕೆಯ ಬ್ಯಾಂಕ್ ಹರಾಜು ಪ್ರಕಟಣೆಯಲ್ಲಿ ‘ಆ್ಯಸ್ ಈಸ್ ವೇರ್ ಈಸ್’ ಎಂದಿರುತ್ತದೆ. ಆಸ್ತಿ ಹೇಗಿದೆಯೋ ಎಲ್ಲಿದೆಯೋ ಹಾಗೆಯೇ ತೆಗೆದುಕೊಳ್ಳಿ, ಮುಂದೆ ದೋಷ ಕಂಡರೆ ನಮ್ಮನ್ನು ಕೇಳಬೇಡಿ ಎಂಬ ಎಚ್ಚರಿಕೆ ಅದು. ಸಗಟು ಬಿಲ್ಲಿನ ಕೆಳಗೆ ‘ಇ ಆ್ಯಂಡ್ ಓ ಇ’ ಎಂದು ಸಣ್ಣಕ್ಕೆ ಅಚ್ಚಾಗಿದ್ದರೆ, ಬಿಲ್ಲಿನಲ್ಲಿ ತಪ್ಪು ಅಥವಾ ಬಿಟ್ಟುಹೋದದ್ದು ಇದ್ದರೆ ತಿದ್ದುವ ಹಕ್ಕು ನಮಗಿದೆ ಎಂದು ಮಾರಿದವರು ಹೇಳಿಕೊಂಡಿದ್ದಾರೆ. ಗಲ್ಫಿಗೆ ಹೋಗುವ ಹುಡುಗರಿಗೆ ಎರಡು ಮಾತು ಕಡ್ಡಾಯವಾಗಿ ಹೇಳಿ ಕಳಿಸಬೇಕು. ‘ವಿ ಹ್ಯಾವ್ ಟು ಲೆಟ್ ಯು ಗೋ’ ಎಂದು ಮ್ಯಾನೇಜರ್ ನಯವಾಗಿ ಹೇಳಿದರೆ ಊರಿಗೆ ಹೋಗಲು ರಜೆ ಕೊಟ್ಟರು ಎಂದಲ್ಲ, ಕೆಲಸದಿಂದ ತೆಗೆದರು ಎಂದು. ‘ಫಾರ್ ಗುಡ್’ ಅಂದರೆ ಒಳ್ಳೆಯದಕ್ಕಾಗಿ ಎಂದಲ್ಲ, ಶಾಶ್ವತವಾಗಿ ಎಂದು.

“ಇಂಗ್ಲಿಷ್ ಮೀಡಿಯಂಗೆ ಸೇರಿಸಿದ್ದೇವಲ್ಲ, ಅವರೇ ಕಲಿಸ್ತಾರೆ” ಎಂಬ ಮಾತನ್ನು ನಾನು ತುಂಬಾ ಕೇಳಿದ್ದೇನೆ. ಫೀಸು ಕಟ್ಟಿದ ಕೂಡಲೇ ನಮ್ಮ ಕೆಲಸ ಮುಗಿಯುವುದಿಲ್ಲ. ಪರೀಕ್ಷೆಗೆ ಬೇಕಾದದ್ದನ್ನು ಶಾಲೆ ಕಲಿಸುತ್ತದೆ. ನಮ್ಮ ಪೆಟ್ಟಿಗೆಯಲ್ಲಿರುವ ಕಾಗದದಲ್ಲಿ ಏನಿದೆ ಎಂದು ಶಾಲೆಗೆ ಹೇಗೆ ಗೊತ್ತಾಗಬೇಕು? ಬಾಡಿಗೆ ಕರಾರು, ಇನ್ಶೂರೆನ್ಸ್ ಪಾಲಿಸಿ, ಸಾಲದ ಕಾಗದ, ಇವನ್ನು ಮಕ್ಕಳ ಮುಂದೆ ಇಟ್ಟು ಕೂರಬೇಕಾದವರು ನಾವು.

ನಮ್ಮ ದೀನ್ ಈ ವಿಷಯದಲ್ಲಿ ಸುಮ್ಮನಿಲ್ಲ. ಕುರ್‌ಆನಿನ ಅತಿ ಉದ್ದದ ಆಯತ್ ಅಲ್ ಬಕರ ಸೂರದ 282ನೆಯದು. ಅದು ಇರುವುದು ಸಾಲದ ವ್ಯವಹಾರವನ್ನು ಬರೆದಿಡುವುದರ ಬಗ್ಗೆ. ಬರೆಯುವವನು ನ್ಯಾಯವಾಗಿ ಬರೆಯಬೇಕು, ಸಾಕ್ಷಿಗಳಿರಬೇಕು, ಹೊಣೆ ಹೊತ್ತವನೇ ಹೇಳಿ ಬರೆಸಬೇಕು, ಅವನಿಗೆ ಆಗದಿದ್ದರೆ ಅವನ ಪರವಾಗಿ ಇನ್ನೊಬ್ಬರು ನ್ಯಾಯದಿಂದ ಹೇಳಿ ಬರೆಸಬೇಕು. ಬಡ್ಡಿಯ ಮಾತು ಬೇರೆ, ಅದು ಇಲ್ಲಿ ಬೇಡ. ಬರೆದದ್ದು ನಮಗೆ ಅರ್ಥವಾಗಿರಬೇಕು ಎಂಬುದು ಇದರಲ್ಲಿ ಅಡಗಿಲ್ಲವೇ? ಅರ್ಥವಾಗದ ಕಾಗದಕ್ಕೆ ಸ್ನೇಹದ ಮುಲಾಜಿನಿಂದ ಸಹಿ ಹಾಕುವುದು ದೊಡ್ಡತನವಲ್ಲ.

ಹಾಗಾದರೆ ಮಾಡಬೇಕಾದ್ದು ಏನು? ಮೊದಲನೆಯದು, ಕೇಳಿ. ಫೈನಾನ್ಸ್ ಕಂಪೆನಿಗಳು ಸಾಲಗಾರನಿಗೆ ತಿಳಿಯುವ ಭಾಷೆಯಲ್ಲಿ ವ್ಯವಹರಿಸಬೇಕು, ಸಾಲದ ಕರಾರಿನ ಪ್ರತಿ ಕೊಡಬೇಕು ಎಂದು ರಿಸರ್ವ್ ಬ್ಯಾಂಕಿನ ನಿಯಮವೇ ಇದೆ. “ಇದನ್ನು ಕನ್ನಡದಲ್ಲಿ ಹೇಳಿ” ಅಂದರೆ ನಮ್ಮ ಮರ್ಯಾದೆ ಹೋಗುವುದಿಲ್ಲ. ಕೇಳುವಾಗ “ಇದರ ಅರ್ಥ ಏನು” ಎನ್ನುವುದಕ್ಕಿಂತ “ಅವನು ಕಟ್ಟದಿದ್ದರೆ ನಾನು ಎಷ್ಟು ಕಟ್ಟಬೇಕು” ಎಂದು ಕೇಳಿ, ಉತ್ತರ ಸರಿಯಾಗಿ ಬರುತ್ತದೆ. ಎರಡನೆಯದು, ಮನೆಯಲ್ಲಿ ಒಂದು ನೋಟ್‌ಬುಕ್ ಇಡಿ. ವಾರಕ್ಕೆ ಎರಡು ಮಾತು ಸಾಕು. ಇಂಗ್ಲಿಷ್ ಮಾತು, ಅದು ಸಿಕ್ಕಿದ ಜಾಗ, ಅದಕ್ಕೆ ನಮ್ಮ ಬಾಸೆಯಲ್ಲಿ ಅಥವಾ ಕನ್ನಡದಲ್ಲಿ ಏನೆನ್ನುತ್ತೇವೆ ಎಂಬುದು. ಮೂರನೆಯ ಸಾಲಿಗೆ ಉಮ್ಮನನ್ನು, ಅಜ್ಜಿಯನ್ನು ಕೇಳಲೇಬೇಕು. ಮೂರನೆಯದು ಜಮಾಅತ್ತಿನವರಿಗೆ. ನಮ್ಮಲ್ಲಿ ವಕೀಲರು, ಬ್ಯಾಂಕ್ ಕೆಲಸದವರು, ನಿವೃತ್ತ ಮೇಷ್ಟ್ರು ಇದ್ದರೆ ತಿಂಗಳಿಗೊಂದು ಭಾನುವಾರ ಮದರಸದ ಕೋಣೆಯಲ್ಲಿ ಒಂದು ಗಂಟೆ ಕೂರಿಸಿ. ಹೆಂಗಸರಿಗೂ ಜಾಗ ಇರಲಿ. ಬಂದವರು ತಮ್ಮ ತಮ್ಮ ಕಾಗದ ತರಲಿ.

ಭಾವನ ವಿಷಯ ಇನ್ನೂ ಪೂರ್ತಿ ಮುಗಿದಿಲ್ಲ. ಸ್ನೇಹಿತರು ಮತ್ತೆ ಸ್ವಲ್ಪ ಸ್ವಲ್ಪ ಕಟ್ಟುತ್ತಿದ್ದಾರೆ, ಉಳಿದದ್ದನ್ನು ಇವರು ಹೊಂದಿಸುತ್ತಿದ್ದಾರೆ. ಅಕ್ಕನ ಮಗಳು ಮಾತ್ರ ತನ್ನ ಮಾತಿನಿಂದಲೇ ಹೀಗಾಯಿತೆಂದು ಬಹಳ ದಿನ ಕೊರಗಿದಳು. “ನಿನ್ನ ತಪ್ಪಲ್ಲ, ನಾವು ಇನ್ನೊಬ್ಬರನ್ನು ಕೇಳಬೇಕಿತ್ತು” ಎಂದು ಎಷ್ಟು ಹೇಳಿದರೂ ಸಮಾಧಾನವಿರಲಿಲ್ಲ. ಮೊನ್ನೆ ಹೋದಾಗ ಒಂದು ನೋಟ್‌ಬುಕ್ ತೋರಿಸಿದಳು. ಮೊದಲ ಪುಟದ ಮೊದಲ ಮಾತು ಅದೇ. ಪಕ್ಕದಲ್ಲಿ ಕನ್ನಡದಲ್ಲಿ ಬರೆದಿದ್ದಳು: ಮೂವರೂ ಪೂರ್ತಿ ಹೊಣೆ, ಯಾರು ಸಿಕ್ಕರೆ ಅವರೇ ಕಟ್ಟಬೇಕು.